ಚಿಕ್ಕಮ್ಮನ ಖಾನಾವಳಿಗೆ ಮಾಡಿದ ಮಿಷನ್ನು

ಪೂಜೆಯಾದ ಮಿಷನ್ನಿಗೆ ಗರಗಸ ಹಚ್ಚಬಾರದು ಎಂದು ನಮ್ಮಲ್ಲಿ ಎಲ್ಲೂ ಬರೆದಿಟ್ಟಿಲ್ಲ. ಯಾವ ಸ್ವಾಮಿಗಳೂ ಹಾಗೆಂದು ಅಪ್ಪಣೆ ಕೊಡಿಸಿದ್ದನ್ನು ನಾನು ಕೇಳಿಲ್ಲ. ಆದರೂ ವಿಭೂತಿ ಹಚ್ಚಿಸಿಕೊಂಡ ಕಬ್ಬಿಣವನ್ನು ಕತ್ತರಿಸಲು ನಮ್ಮ ಅಣ್ಣನ ಕೈ ಏಳಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುತ್ತಿದ್ದ ನನ್ನ ಕೈಯೂ ಏಳಲಿಲ್ಲ. ಹೊಸದೊಂದು ವಸ್ತುವನ್ನು ಮಾಡಿ ಇನ್ನೊಬ್ಬರ ಕೈಗೆ ಕೊಡುವುದು ಎಷ್ಟು ಫಜೀತಿಯ ಕೆಲಸ ಎಂದು ನನಗೆ ಗೊತ್ತಾಗಲು ಶುರುವಾದದ್ದು ಅಲ್ಲಿಂದ.

ಅದು ತೊಂಬತ್ತರ ದಶಕದ ಕೊನೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವ್ವ, ಅಣ್ಣ, ನಾನು, ಮೂರೇ ಜನ. ಅಣ್ಣನ ಶೆಡ್ಡು ಹರಿಹರದಲ್ಲಿ. ಒಂದು ಲೇತು, ಒಂದು ಡ್ರಿಲ್ಲು, ವೆಲ್ಡಿಂಗ್ ಸೆಟ್ಟು, ಇಬ್ಬರು ಕೆಲಸಗಾರರು. ದೊಡ್ಡ ಕಾರ್ಖಾನೆಗಳವರು ಕೊಟ್ಟ ಡ್ರಾಯಿಂಗ್ ನೋಡಿ ಅವರಿಗೆ ಬೇಕಾದ ಸಣ್ಣಪುಟ್ಟ ಭಾಗ ಮಾಡಿಕೊಡುವುದು ಅವನ ಕಸುಬು. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವಳು. ಹುಡುಗಿಗೆ ಮೆಕ್ಯಾನಿಕಲ್ ಯಾಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟೂ ಕೊಟ್ಟೂ ನನ್ನ ನಾಲಿಗೆ ಹರಿತವಾಗಿತ್ತು. ಬೆಳಿಗ್ಗೆ ಅಣ್ಣನ ಜೊತೆ ಬಸ್ಸು ಹತ್ತಿ ಹರಿಹರಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದೆ.

ಆ ವರ್ಷಗಳಲ್ಲಿ ಕಾರ್ಖಾನೆಯ ಕೆಲಸ ಬರುವುದು ಕಡಿಮೆಯಾಯಿತು. ಬಂದರೂ ಆ ತಿಂಗಳು ಬಂತು, ಈ ತಿಂಗಳು ಇಲ್ಲ. ಲೇತಿನ ಮೇಲೆ ಗೋಣಿಚೀಲ ಹೊದಿಸಿ ಕೂರುವ ದಿನಗಳು ಹೆಚ್ಚಾದಾಗ ಅಣ್ಣ ಒಂದು ಮಾತು ಹಿಡಿದುಕೊಂಡ. ಇನ್ನೊಬ್ಬರ ಡ್ರಾಯಿಂಗು ಸಾಕು, ನಮ್ಮದೇ ಅಂತ ಒಂದು ಮಿಷನ್ನು ಮಾಡಬೇಕು. ಏನು ಮಾಡಬೇಕು ಎಂದು ಬಹಳ ಯೋಚಿಸುವ ಪ್ರಮೇಯವೇ ಬರಲಿಲ್ಲ. ನಮ್ಮ ಕಣ್ಣೆದುರಿಗೆ ಚಿಕ್ಕಮ್ಮನ ಕೈ ಇತ್ತು.

ಚಿಕ್ಕಮ್ಮ ಎಂದರೆ ಅವ್ವನ ತಂಗಿ. ಅವಳ ಗಂಡ ಹತ್ತಿಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿತು, ಅವರೂ ಹೋದರು. ಮಕ್ಕಳಿರಲಿಲ್ಲ. ಹಳೆಯ ಗಿರಣಿಯ ಹಿಂದಿನ ಓಣಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿ ಖಾನಾವಳಿ ಶುರು ಮಾಡಿದ್ದಳು. ಮಾರ್ಕೆಟ್ ಯಾರ್ಡಿನ ಹಮಾಲರು, ಲಾರಿ ಡ್ರೈವರುಗಳು, ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗರು ಅವಳ ಗಿರಾಕಿಗಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಆಮೇಲೆ ಒಂದಿಷ್ಟು ಅನ್ನ ಸಾರು. ಅನ್ನ ಸಾರು ಎಲ್ಲಿಯಾದರೂ ಸಿಗುತ್ತದೆ. ಜನ ಬರುತ್ತಿದ್ದದ್ದು ರೊಟ್ಟಿಗೆ.

ಆ ರೊಟ್ಟಿ ಮಾಡುವ ಬಲಗೈ ಅವಳಿಗೆ ಕೈಕೊಟ್ಟಿತ್ತು. ಮಣಿಕಟ್ಟಿನಿಂದ ಹಿಡಿದ ನೋವು ಮೊಣಕೈ ದಾಟಿ ಹೆಗಲಿಗೆ ಏರಿತ್ತು. ರೊಟ್ಟಿ ಕೆಲಸ ಬಿಡದಿದ್ದರೆ ಮುಂದೆ ಲೋಟ ಎತ್ತುವುದೂ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೂಲಿಗೆ ಇಟ್ಟುಕೊಂಡ ಹೆಂಗಸರು ಮಧ್ಯಾಹ್ನದ ಒಲೆಯ ಬಿಸಿ ತಡೆಯಲಾರದೆ ಬಿಟ್ಟು ಹೋಗುತ್ತಿದ್ದರು. ಅವ್ವ ಪ್ರತಿ ಸಲ ಅವಳನ್ನು ಕರೆಯುತ್ತಿದ್ದಳು.

"ಮುಚ್ಚಿ ಬಂದ್ಬಿಡೇ ನಮ್ಮನಿಗೆ. ಅಷ್ಟು ದೊಡ್ಡ ಮನ್ಯಾಗೆ ದಿನಾ ಪೂರ್ತಿ ನಾನೊಬ್ಳೇ ಇರ್ತೀನಿ."

"ಹಬ್ಬಕ್ಕೆ ಬಂದು ಉಂಡು ಹೋಗ್ತೀನಿ ಅಕ್ಕ. ದಿನಾ ಕುಂತು ಉಣ್ಣಾದು ನನ್ ಕೈಲಿ ಆಗಲ್ಲ."

ಚಿಕ್ಕಮ್ಮನಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ತನ್ನ ಒಲೆ, ತನ್ನ ಬೆಂಚು, ತನ್ನ ಬೀಗದ ಕೈ ಇರುವ ಬದುಕು ಬಿಟ್ಟು, ಅಕ್ಕನ ಮನೆಯ ಮೂಲೆಯಲ್ಲಿ ಕೂರುವ ಹೆಂಗಸಾಗಲು ಅವಳು ತಯಾರಿರಲಿಲ್ಲ. ಕೈ ಪೂರ್ತಿ ಸೋತರೆ ಆಗಬೇಕಾದದ್ದು ಅದೇ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹಾಗಾಗಿ ರೊಟ್ಟಿ ಬಡಿಯುವ ಕಷ್ಟ ತಪ್ಪಿಸುವ ಮಿಷನ್ನು ಮಾಡುವುದು ಎಂದಾಯಿತು. ಎರಡು ದುಂಡನೆಯ ಕಬ್ಬಿಣದ ತಟ್ಟೆ, ನಡುವೆ ಹಿಟ್ಟಿನ ಉಂಡೆ, ಮೇಲೊಂದು ಉದ್ದನೆಯ ಹಿಡಿಕೆ. ಹಿಡಿಕೆ ಒತ್ತಿದರೆ ರೊಟ್ಟಿ ಸಿದ್ಧ. ಡ್ರಾಯಿಂಗು ನನ್ನದು. ಅಣ್ಣ ಯಾರಿಗೂ ಕಾಣದ ಮೂಲೆಯನ್ನೂ ಅರ ಹಾಕಿ ನಯ ಮಾಡುವ ಜಾತಿಯವನು. ಮಳೆಗಾಲ ಪೂರ್ತಿ ಅದರ ಹಿಂದೆ ಬಿದ್ದ. ತಟ್ಟೆಗಳನ್ನು ಕನ್ನಡಿಯಂತೆ ಹೊಳೆಯಿಸಿದ, ಕಾಲುಗಳಿಗೆ ರಬ್ಬರು ಹಾಕಿದ, ಹಸಿರು ಬಣ್ಣ ಹೊಡೆಸಿದ. ನಡುವೆ ಒಂದು ದಿನವೂ ಅದನ್ನು ಚಿಕ್ಕಮ್ಮನಿಗೆ ತೋರಿಸಲಿಲ್ಲ. ಅರೆಬರೆ ವಸ್ತುವನ್ನು ತೋರಿಸುವುದು ಅವನ ಮಟ್ಟಿಗೆ ಅರ್ಧ ಬೆಂದ ಅನ್ನ ಬಡಿಸಿದಂತೆ.

ಮಿಷನ್ನು ಟೆಂಪೋದಲ್ಲಿ ಬಂದಿಳಿದದ್ದು ಒಂದು ಶುಕ್ರವಾರ. ಚಿಕ್ಕಮ್ಮ ಬಾಗಿಲಿಗೆ ನೀರು ಹಾಕಿ ಕಾದಿದ್ದಳು. ಒಳಗೆ ಇಟ್ಟ ಕೂಡಲೇ ಅವಳೂ ಅವ್ವನೂ ಸೇರಿ ಅದಕ್ಕೆ ಮೂರೆಳೆ ವಿಭೂತಿ ಎಳೆದರು, ಕುಂಕುಮ ಇಟ್ಟರು, ಸೇವಂತಿಗೆ ಮಾಲೆ ಹಾಕಿ ಊದುಬತ್ತಿ ಬೆಳಗಿದರು. ಅಣ್ಣ ಕಾಯಿ ಒಡೆದ. ನಾನು ಮೊದಲ ಉಂಡೆ ಇಟ್ಟು ಹಿಡಿಕೆ ಒತ್ತಿದೆ. ರೊಟ್ಟಿ ಅಂಚಿನಲ್ಲಿ ಸೀಳಿತ್ತು, ಒಂದು ಕಡೆ ತಟ್ಟೆಗೆ ಅಂಟಿಕೊಂಡಿತ್ತು. ಮೊದಲನೆಯದಲ್ಲವೇ ಎಂದು ಎಲ್ಲರೂ ನಕ್ಕೆವು.

ಆಮೇಲೆ ಕೇಳಿದಾಗಲೆಲ್ಲ ಒಂದೇ ಉತ್ತರ.

"ಮಿಷನ್ ಹೆಂಗೈತೆ ಚಿಕ್ಕಮ್ಮ?"

"ಭಾಳ ಚಲೋ ಐತೆ ಕಣವ್ವ. ಕೂಡು, ಚಾ ಕುಡಿ."

ಅಣ್ಣ ಹಿಗ್ಗಿದ. ಇನ್ನಷ್ಟು ಮಿಷನ್ನಿಗೆ ಆಗುವಷ್ಟು ಕಬ್ಬಿಣ ತಂದು ಶೆಡ್ಡಿನ ಗೋಡೆಗೆ ಒರಗಿಸಿದ. ಹರಿಹರದಲ್ಲಿ ಕಂಡ ಕಂಡ ಹೋಟೆಲಿನವರಿಗೆ ನಮ್ಮ ಮಿಷನ್ನಿನ ಬಗ್ಗೆ ಹೇಳಿಕೊಂಡು ಬಂದ. ನನಗೂ ಖುಷಿಯಾಗಿತ್ತು. ಕೇಳಿದ್ದಕ್ಕೆ ಒಳ್ಳೆಯ ಮಾತೇ ಬರುತ್ತಿರುವಾಗ ಅನುಮಾನ ಪಡಲು ಯಾರಿಗೆ ಮನಸ್ಸು ಬರುತ್ತದೆ!

ಒಂದು ದಿನ ಪಿ. ಬಿ. ರಸ್ತೆಯಲ್ಲಿ ನಟ್ಟು ಬೋಲ್ಟು ಕೊಳ್ಳುವ ಕೆಲಸವಿತ್ತು. ಬೇಗ ಮುಗಿಯಿತು. ಊಟದ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ ಚಿಕ್ಕಮ್ಮನ ಓಣಿಗೆ ಹೋದೆ. ಅವಳ ಮನೆ ಇನ್ನೂ ನಾಲ್ಕು ಬಾಗಿಲು ಆಚೆ ಇರುವಾಗಲೇ ಸದ್ದು ಕೇಳಿತು. ಪಟ್ ಪಟ್ ಪಟ್. ರೊಟ್ಟಿ ಬಡಿಯುವ ಸದ್ದನ್ನು ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಳಗೆ ಹೋಗಿ ನೋಡಿದರೆ ಚಿಕ್ಕಮ್ಮ ಒಲೆಯ ಮುಂದೆ ಕೂತು ಬಡಿಯುತ್ತಿದ್ದಾಳೆ, ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಾಳೆ, ಹಣೆಯ ಮೇಲೆ ಬೆವರು. ನಮ್ಮ ಹಸಿರು ಮಿಷನ್ನು ದೇವರ ಗೂಡಿನ ಕೆಳಗೆ, ಹೊಸ ಮಾಲೆ ಹಾಕಿಸಿಕೊಂಡು, ಮಡಿಯಾಗಿ ನಿಂತಿದೆ. ತಟ್ಟೆಯ ಮೇಲೆ ಒಂದು ಬಾಳೆಹಣ್ಣು.

ನಾನು ಊಟಕ್ಕೆ ಕೂತಿದ್ದವರ ಮುಂದೆಯೇ ಕೂಗಾಡಿದೆ.

"ಚಲೋ ಐತೆ, ಚಲೋ ಐತೆ ಅಂತ ಹೇಳ್ಕೊಂತ ಬಂದ್ಯಲ್ಲ! ಇದೇನಾ ಚಲೋ? ನಿನ್ ಕೈ ಬೀಳೋಗಂಟ ಹೇಳ್ತಿರ್ಲಿಲ್ಲ ಅನ್ನು!"

ಚಿಕ್ಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಮೆಲ್ಲಗೆ ಹೇಳಿದಳು. "ಮನೆ ಹುಡುಗ್ರು ಮಳೆಗಾಲ ಪೂರ್ತಿ ಕುಂತು ಮಾಡ್ಯಾರೆ. ಚಲೋ ಇಲ್ಲ ಅಂತ ಯಾವ ಬಾಯಿಲೆ ಅನ್ನಲಿ?"

ಮಿಷನ್ನಿನಲ್ಲಿ ರೊಟ್ಟಿ ಸೀಳುತ್ತಿತ್ತು, ಅಂಟುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು. ಅವಳು ಮೊದಲ ವಾರವೇ ಅದನ್ನು ಕೈಬಿಟ್ಟಿದ್ದಳು. ಮರುದಿನ ಅಣ್ಣ ಗರಗಸ, ಡ್ರಿಲ್ಲು ಎಲ್ಲ ಹೊತ್ತುಕೊಂಡು ಬಂದ. ಮೇಲಿನ ತಟ್ಟೆಯನ್ನು ಕತ್ತರಿಸಿ, ಕೀಲು ಬೇರೆ ಕಡೆ ಕೂಡಿಸಿದರೆ ಒತ್ತಡ ಸಮನಾಗಿ ಬೀಳುತ್ತದೆ ಎಂಬುದು ನನ್ನ ಲೆಕ್ಕ. ಚಿಕ್ಕಮ್ಮ ಮಿಷನ್ನಿಗೆ ಅಡ್ಡ ನಿಂತಳು. "ಪೂಜೆ ಆದದ್ದಕ್ಕೆ ಗರಗಸ ಹಾಕ್ತೀರೇನ್ರೋ? ಶುಕ್ರವಾರ ಶುಕ್ರವಾರ ಕೈ ಮುಗ್ದೀನಿ ಅದಕ್ಕೆ." ಅಣ್ಣ ಗರಗಸ ಹಿಡಿದು ಹೋದವನು ಕುಂಕುಮ ನೋಡಿ ನಿಂತುಬಿಟ್ಟ. ನನ್ನ ಕಡೆ ತಿರುಗಿ, ನೀನು ಮಾಡು ಎನ್ನುವಂತೆ ಗರಗಸ ಚಾಚಿದ. ನಾನು ದೇವರು ದಿಂಡರು ಎಂದರೆ ಮೂಗು ಮುರಿಯುವವಳೇ. ಆದರೂ ಗರಗಸ ತೆಗೆದುಕೊಳ್ಳಲಿಲ್ಲ. ಮೂವರೂ ಕೂತು ಚಹಾ ಕುಡಿದೆವು, ಅಣ್ಣನೂ ನಾನೂ ಎದ್ದು ಬಂದೆವು.

ಬಸ್ಸಿನಲ್ಲಿ ಹರಿಹರಕ್ಕೆ ಹೋಗುವಾಗ ನನಗೆ ಒಂದು ವಿಷಯ ಹೊಳೆಯಿತು. ನಾವು ಮಾಡಿದ್ದು ತಿದ್ದಲಿಕ್ಕೆ ಬರದಂಥ ವಸ್ತು. ಬಣ್ಣ, ಹೊಳಪು, ಮಾಲೆ, ಮಂಗಳಾರತಿ ಎಲ್ಲ ಸೇರಿ ಅದು ಎಷ್ಟು ಪೂರ್ತಿಯಾಗಿತ್ತೆಂದರೆ ಯಾರೂ ಅದರ ಮೇಲೆ ಕೈ ಮಾಡುವಂತಿರಲಿಲ್ಲ, ಬಾಯಿ ಮಾಡುವಂತೆಯೂ ಇರಲಿಲ್ಲ. ಅಣ್ಣನಿಗೆ ಅಲ್ಲೇ ಹೇಳಿದೆ. ಇನ್ನು ಮೇಲೆ ಬಣ್ಣ ಹೊಡೆಯುವ ಹಾಗಿಲ್ಲ, ಪೂಜೆ ಮಾಡಿಸುವ ಹಾಗಿಲ್ಲ, ಹೆಂಗೈತೆ ಎಂದು ಕೇಳುವ ಹಾಗೂ ಇಲ್ಲ. ಗುಜರಿ ಕಬ್ಬಿಣದಲ್ಲಿ ಮಾಡುವುದು, ಬೋಲ್ಟಿನಲ್ಲೇ ಜೋಡಿಸುವುದು, ವಾರಕ್ಕೊಮ್ಮೆ ಬಿಚ್ಚಿ ಬದಲಾಯಿಸುವುದು. ಹೇಗಿದೆ ಎಂದು ನಾನೇ ಅಡಿಗೆಮನೆಯಲ್ಲಿ ಕೂತು ನೋಡುವುದು. ಅಣ್ಣನಿಗೆ ಬಣ್ಣವಿಲ್ಲದ ಮಿಷನ್ನನ್ನು ಶೆಡ್ಡಿನಿಂದ ಆಚೆ ಕಳಿಸಲು ಪ್ರಾಣಸಂಕಟ. "ತುಕ್ಕು ಹಿಡಿದಿದ್ದು ತಗಂಡು ಹೋದ್ರೆ ಜನ ಏನಂತಾರೆ?" ಎಂದ. ಏನಾದರೂ ಅನ್ನಲಿ, ಅನ್ನಲಿಕ್ಕೇ ಅಲ್ಲವೇ ತೆಗೆದುಕೊಂಡು ಹೋಗುವುದು ಎಂದೆ.

ನೋಡುತ್ತಾ ಕೂರುವುದು ಹೇಳಿದಷ್ಟು ಸುಲಭವಾಗಲಿಲ್ಲ. ಮನೆಗೆ ಬಂದವರು ಸುಮ್ಮನೆ ಕೂತಿದ್ದರೆ ಚಿಕ್ಕಮ್ಮನಿಗೆ ಸಹಿಸಲಾಗುವುದಿಲ್ಲ. ನಾನು ಗೋಡೆಗೆ ಒರಗಿ ಕೂತ ಕೂಡಲೇ ತಟ್ಟೆ ಬರುತ್ತಿತ್ತು, ತಟ್ಟೆಯಲ್ಲಿ ರೊಟ್ಟಿ ಬೀಳುತ್ತಿತ್ತು, ರೊಟ್ಟಿಯ ಮೇಲೆ ಬೆಣ್ಣೆ ಬೀಳುತ್ತಿತ್ತು. ಮೊದಲ ಎರಡು ಸಲ ನಾನು ಹೊಟ್ಟೆ ಬಿರಿಯುವಷ್ಟು ಉಂಡು ಏನೂ ನೋಡದೆ ವಾಪಸು ಬಂದೆ. ಆಮೇಲೆ ಶೆಡ್ಡಿನಲ್ಲೇ ಬುತ್ತಿ ಉಂಡು ಹೋಗತೊಡಗಿದೆ. ಉಣ್ಣದೆ ಕೂತವಳನ್ನು ನೋಡಿ ಅವಳಿಗೆ ಕಸಿವಿಸಿ. ಗಿರಾಕಿಗಳ ಹತ್ತಿರ "ನಮ್ಮಕ್ಕನ ಮಗಳು, ನನ್ನ ಪರೀಕ್ಷೆ ಮಾಡಾಕೆ ಬಂದಾಳೆ" ಎಂದು ದೂರು ಹೇಳುತ್ತಿದ್ದಳು. ಹಮಾಲರು ನನ್ನನ್ನು "ಇನ್‌ಸ್ಪೆಕ್ಟರ್ ಅಕ್ಕಾರು" ಎಂದು ಕರೆಯತೊಡಗಿದರು.

ಗುಜರಿಯ ಎರಡನೆಯ ಮಿಷನ್ನಿನಲ್ಲಿ ರೊಟ್ಟಿ ಅಂಟುವುದು ನಿಂತಿತು, ಸೀಳುವುದು ನಿಲ್ಲಲಿಲ್ಲ. ತಟ್ಟೆ ಬದಲಾಯಿಸಿದೆವು, ಹಿಡಿಕೆ ಉದ್ದ ಮಾಡಿದೆವು, ಗಿಡ್ಡ ಮಾಡಿದೆವು. ಮಿಷನ್ನಿನ ರೊಟ್ಟಿಯನ್ನು ಹಮಾಲರು ಮುರಿದು ನೋಡಿ ಪಕ್ಕಕ್ಕೆ ಸರಿಸಿ, ಕೈರೊಟ್ಟಿ ಕೇಳುತ್ತಿದ್ದರು. ಅವರಿಗೆ ನಮ್ಮ ಸಂಕೋಚ ಇರಲಿಲ್ಲ. ನನಗೆ ಉತ್ಸಾಹ ಉಡುಗುತ್ತಾ ಬಂತು. ಚಿಕ್ಕಮ್ಮನ ಕೈ ದಿನದಿನಕ್ಕೆ ಸೋಲುತ್ತಿತ್ತು. ಸಾರಿನ ಪಾತ್ರೆ ಇಳಿಸಲು ಪಕ್ಕದ ಮನೆಯವರನ್ನು ಕರೆಯುವ ಸ್ಥಿತಿಗೆ ಬಂದಿದ್ದಳು. ಅವ್ವ ಅವಳಿಗೆಂದು ಹೊಸ ಚಾಪೆ, ಹೊದಿಕೆ ತಂದಿಟ್ಟಳು. ನನಗೆ ಅದನ್ನು ನೋಡಿ ಅಳು ಬಂತು.

ಒಂದು ಮಧ್ಯಾಹ್ನ ಮಿಷನ್ನಿನ ಬೋಲ್ಟು ಮುರಿದಿತ್ತು. ಮಾಡಲು ಕೆಲಸವಿಲ್ಲದೆ ಚಿಕ್ಕಮ್ಮನ ಮುಖವನ್ನೇ ನೋಡುತ್ತಾ ಕೂತೆ. ಮಿಷನ್ನು ಇದ್ದಾಗ ನನ್ನ ಕಣ್ಣು ಮಿಷನ್ನಿನ ಮೇಲೇ ಇರುತ್ತಿತ್ತು. ಅವಳು ರೊಟ್ಟಿ ಬಡಿಯುವಾಗ ಮುಖ ಸಡಿಲವಾಗಿರುತ್ತಿತ್ತು. ಬಾಗಿಲ ಕಡೆ ನೋಡಿಕೊಂಡು, ಯಾರು ಬಂದರು ಯಾರು ಹೋದರು ಎಂದು ಮಾತಾಡಿಕೊಂಡು ಬಡಿಯುತ್ತಿದ್ದಳು. ಹಿಟ್ಟಿಗೆ ಎಸರು ಹಾಕಿ, ಅಂಗೈ ಒತ್ತಿ ನಾದುವಾಗ ಮಾತು ನಿಲ್ಲುತ್ತಿತ್ತು. ತುಟಿ ಕಚ್ಚುತ್ತಿದ್ದಳು. ಜೋಳದ ಹಿಟ್ಟು ಆರಿದರೆ ರೊಟ್ಟಿ ಸೀಳುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಪ್ರತಿ ಉಂಡೆಯನ್ನೂ ಮತ್ತೆ ನಾದಬೇಕು. ಊಟ ಮುಗಿಯುವ ತನಕ ಆ ನಾದುವುದು ಮುಗಿಯುವುದೇ ಇಲ್ಲ. ನಮ್ಮ ಕಿವಿಗೆ ಬೀಳುತ್ತಿದ್ದದ್ದು ಬಡಿಯುವ ಸದ್ದು, ಹಾಗಾಗಿ ನೋವೂ ಅಲ್ಲೇ ಇದೆ ಎಂದು ನಾವೆಲ್ಲ ತಿಳಿದುಬಿಟ್ಟಿದ್ದೆವು.

"ಚಿಕ್ಕಮ್ಮ, ನಿಂಗೆ ನೋವು ಬಡಿಯೋದ್ರಾಗಲ್ಲ, ನಾದೋದ್ರಾಗೆ" ಎಂದೆ.

"ಹೋಗೇ. ನಾದೋದೇನು ದೊಡ್ಡದು? ಅದೂ ಒಂದು ಕೆಲ್ಸಾನಾ?" ಎಂದಳು. ಅವಳಿಗೇ ಅದು ತಿಳಿದಿರಲಿಲ್ಲ.

ನಾನು ಹಟಕ್ಕೆ ಬಿದ್ದೆ. ಈ ಸಲ ಕಬ್ಬಿಣ ಮುಟ್ಟುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು ಅನ್ನಿಸಿತು. ಮಿಷನ್ನು ಮಾಡುವ ಮೊದಲು ನಾನೇ ಮಿಷನ್ನು ಆದೆ. ಒಂದು ವಾರ ಶೆಡ್ಡಿಗೆ ಹೋಗದೆ, ಸೆರಗು ಸಿಕ್ಕಿಸಿ, ಚಿಕ್ಕಮ್ಮನ ಪಕ್ಕದಲ್ಲಿ ಪರಾತ ಇಟ್ಟುಕೊಂಡು ಹಿಟ್ಟು ನಾದಿದೆ. ಅವಳು ಬಡಿಯುವುದು ಮಾತ್ರ. ಎಸರಿನ ಬಿಸಿಗೆ ನನ್ನ ಅಂಗೈ ಕೆಂಪಗಾಯಿತು, ರಟ್ಟೆ ಬಿದ್ದುಹೋಯಿತು, ಸಂಜೆ ಬಸ್ಸಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಬೆನ್ನು ನೋಯುತ್ತಿದ್ದ ಸಿಟ್ಟಿಗೆ ಹಮಾಲರ ಮೇಲೆ ರೇಗಿದ್ದೂ ಉಂಟು. ವಾರದ ಕೊನೆಗೆ ಚಿಕ್ಕಮ್ಮ ಸಾರಿನ ಪಾತ್ರೆಯನ್ನು ತಾನೇ ಇಳಿಸಿದಳು. ಇಳಿಸಿದ ಮೇಲೆ ಅವಳಿಗೇ ಆಶ್ಚರ್ಯವಾಗಿ ತನ್ನ ಕೈ ನೋಡಿಕೊಂಡಳು. ನಾನು ಅಷ್ಟು ಸಂತೋಷಪಟ್ಟದ್ದು ಡಿಪ್ಲೊಮಾ ಪಾಸಾದಾಗಲೂ ಇಲ್ಲ.

ಈಗ ನಮ್ಮೂರಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಸ್ಟಾರ್ಟಪ್ ಎನ್ನುತ್ತಾರೆ, ಲೀನ್ ಎನ್ನುತ್ತಾರೆ, ಅಜೈಲ್ ಎನ್ನುತ್ತಾರೆ, ಸಣ್ಣದಾಗಿ ಮಾಡಿ ಬಳಸುವವರನ್ನು ನೋಡಿ ತಿದ್ದುತ್ತಾ ಹೋಗಬೇಕು ಎನ್ನುತ್ತಾರೆ. ಗೋಡೆಯ ತುಂಬ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಅವರು ಹೇಳುವುದನ್ನು ಕೇಳಿದಾಗ ನನಗೆ ಅಂಗೈ ಉರಿದದ್ದು ನೆನಪಾಗುತ್ತದೆ. ನಮಗೆ ಆಗ ಅದಕ್ಕೆ ಹೆಸರಿದೆ ಎಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಚಿಕ್ಕಮ್ಮ ಊಟ ಹಾಕುವುದನ್ನು ನಿಲ್ಲಿಸುತ್ತಿರಲಿಲ್ಲ.

ಅಣ್ಣನಿಗೆ ಹೇಳುವುದೇ ಕಷ್ಟವಾಯಿತು. ರೊಟ್ಟಿ ಒತ್ತುವ ಮಿಷನ್ನಿಗೆ ಎಂದು ತಂದ ಕಬ್ಬಿಣ ಗೋಡೆಗೆ ಒರಗಿಯೇ ಇತ್ತು. ಒತ್ತುವುದು ಬೇಡ, ಹಿಡಿಕೆ ತಿರುವಿದರೆ ಡ್ರಮ್ಮಿನೊಳಗೆ ರೆಕ್ಕೆ ತಿರುಗಿ ಹಿಟ್ಟು ನಾದುವಂಥದ್ದು ಮಾಡೋಣ ಎಂದರೆ ಅವನು ಲೇತಿನ ಕಡೆ ತಿರುಗಿಕೊಂಡ. ಆ ದಿನ ಪೂರ್ತಿ ಅಲ್ಲೇ ನಿಂತು ಹಳೆಯ ಹಿಡಿಕೆಯೊಂದನ್ನು ಉಜ್ಜುತ್ತಿದ್ದ. ಅವನ ಒಂದು ಮಳೆಗಾಲದ ಶ್ರದ್ಧೆ ಅದರಲ್ಲಿತ್ತು, ನನಗೂ ಸಂಕಟವಾಯಿತು. ಮಾರನೆಯ ದಿನ ಬಸ್ಸಿನಲ್ಲಿ ತಾನಾಗಿಯೇ ಕೇಳಿದ. "ಡ್ರಮ್ಮು ಎಷ್ಟು ದೊಡ್ಡದು ಬೇಕು?" ಆ ಕಬ್ಬಿಣ ಆಮೇಲೆ ಯಾರದೋ ಮನೆಯ ಗೇಟಾಯಿತು, ಕಿಟಕಿಯ ಸರಳಾಯಿತು.

ಡ್ರಮ್ಮು ದೊಡ್ಡದು ಮಾಡಿದ್ದೇ ಮೊದಲ ಎಡವಟ್ಟು. ಇಡೀ ಮಧ್ಯಾಹ್ನಕ್ಕೆ ಆಗುವಷ್ಟು ಹಿಟ್ಟು ಒಮ್ಮೆಗೇ ನಾದಬಹುದು ಎಂದು ಜಂಭದಿಂದ ಹೋದೆವು. ಕಾಲುಭಾಗ ಖರ್ಚಾಗುವುದರೊಳಗೆ ಉಳಿದದ್ದು ಆರಿ ಸೀಳಿತು. ಮುಂದಿನ ವಾರ ಡ್ರಮ್ಮನ್ನು ಅರ್ಧಕ್ಕೆ ಕೊಯ್ದೆವು. ಗರಗಸ ಹಾಕುವಾಗ ಚಿಕ್ಕಮ್ಮ ಚಕಾರ ಎತ್ತಲಿಲ್ಲ, ಏಕೆಂದರೆ ಅದು ನೋಡಲು ಸೀಮೆಎಣ್ಣೆ ಡಬ್ಬಿಯಂತಿತ್ತು, ಅದಕ್ಕೆ ಯಾರೂ ಕೈ ಮುಗಿದಿರಲಿಲ್ಲ. ಅದರ ಮುಂದಿನ ವಾರ ಒಳಗಿನ ರೆಕ್ಕೆ ವೇಗವಾಗಿ ತಿರುಗಿ ಬಿಸಿ ಹಿಟ್ಟು ಅಣ್ಣನ ಅಂಗಿಗೂ, ಒಬ್ಬ ಡ್ರೈವರನ ಮೀಸೆಗೂ ಹಾರಿತು. ಬೆಂಚಿನಲ್ಲಿದ್ದವರು ಬಹಳ ದಿನ ಅದನ್ನೇ ಆಡಿಕೊಂಡು ನಗುತ್ತಿದ್ದರು. ಹಲ್ಲಿನ ಚಕ್ರ ಹಾಕಿ ವೇಗ ತಗ್ಗಿಸಿದೆವು. ಎಡಗೈಯಲ್ಲೇ ಹಗುರವಾಗಿ ತಿರುವುವಂತೆ ಹಿಡಿಕೆಯನ್ನು ಆಚೆ ಬದಿಗೆ ಹಾಕಿದೆವು. ಮುಚ್ಚಳ ಮಾಡಿದೆವು, ತೊಳೆಯಲು ಕಷ್ಟ ಎಂದು ಕಂಡು ತೆಗೆದೆವು. ವಾರಕ್ಕೊಂದೇ ಬದಲಾವಣೆ, ಎರಡು ಮಾಡಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸುಧಾರಿಸಿತು ಎಂದು ಗೊತ್ತಾಗುತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಚಿಕ್ಕಮ್ಮ ಕೈಗೆ ಬಟ್ಟೆ ಸುತ್ತುವುದನ್ನು ಬಿಟ್ಟಿದ್ದಳು. ನೋವು ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಬಡಿಯುವುದು ಅವಳಿಗೆ ಉಳಿದಿತ್ತು, ಖಾನಾವಳಿ ಉಳಿದಿತ್ತು. ನಾನು ಅಡಿಗೆಮನೆಯಲ್ಲಿ ಕೂರುವುದನ್ನು ನಿಲ್ಲಿಸಿದೆ.

ಮಿಷನ್ನಿನ ಸುದ್ದಿ ಒಬ್ಬ ಡ್ರೈವರನ ಬಾಯಿಂದ ಉಕ್ಕಡಗಾತ್ರಿಗೆ ಹೋಯಿತು. ಅಲ್ಲಿ ಅಮಾವಾಸ್ಯೆಗೆ ಬರುವ ಭಕ್ತರಿಗೆ ರೊಟ್ಟಿ ಊಟ ಹಾಕುವ ಒಬ್ಬ ಹೆಂಗಸು ಅದನ್ನು ನೋಡಲೆಂದು ಬಸ್ಸು ಹತ್ತಿ ಬಂದಳು. ನಮ್ಮ ಮೊದಲ ಹೊರಗಿನ ಗಿರಾಕಿ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಆಕೆ ಮಿಷನ್ನನ್ನು ಸುತ್ತಿ ನೋಡಿ, ಅಣ್ಣನನ್ನು ಬಿಟ್ಟು ಚಿಕ್ಕಮ್ಮನನ್ನು ಕೇಳಿದಳು.

"ಹೆಂಗೈತ್ರಿ ಅಕ್ಕ ಇದು?"

ಚಲೋ ಐತೆ ಎನ್ನುವ ಮಾತು ಬರುತ್ತದೆಂದು ಅಣ್ಣನೂ ನಾನೂ ಕಾದೆವು.

"ತಳದಾಗೆ ಹಿಟ್ಟು ಕುಂತ್ಕಂತೈತ್ರಿ. ತೊಳಿಯಾಕೆ ಹೊತ್ತು ಬೇಕು. ಎಸರು ಒಂಚೂರು ಹೆಚ್ಚಾತು ಅಂದ್ರೆ ಗಂಜಿ ಆಗ್ತೈತೆ. ಕೈಲೆ ನಾದಿದಷ್ಟು ಮೆತ್ತಗೆ ಆಗಲ್ಲ, ಬಡಿಯೋವಾಗ ನೀವೇ ಒಂದ್ ಸುತ್ತು ನಾದ್ಕಬೇಕು" ಎಂದು ಚಿಕ್ಕಮ್ಮ ಒಂದೊಂದಾಗಿ ಹೇಳತೊಡಗಿದಳು. ಅಣ್ಣನ ಮುಖ ಸಪ್ಪಗಾಯಿತು. ಎಲ್ಲ ಹೇಳಿ ಮುಗಿಸಿ, "ಆದ್ರೆ ಕೈ ನೋವಿದ್ರೆ ತಗಳ್ರಿ" ಎಂದಳು. ಆ ಹೆಂಗಸು ತನ್ನ ಬಲ ಮಣಿಕಟ್ಟು ಒತ್ತಿಕೊಂಡಳು. ಆಮೇಲೆ, ಬರುವ ಅಮಾವಾಸ್ಯೆಯೊಳಗೆ ಆಗುತ್ತದೆಯೇ ಎಂದು ಅಣ್ಣನನ್ನು ಕೇಳಿದಳು.

ಆಕೆ ಹೋದ ಮೇಲೆ ಅಣ್ಣ ತಡೆಯಲಾರದೆ ಕೇಳಿದ. "ನಮ್ ಹತ್ರ ಚಲೋ ಐತೆ ಅಂತಿದ್ದಾಕಿ, ಗಿರಾಕಿ ಮುಂದೆ ಹಿಂಗ್ಯಾಕ ಹೇಳಿದೆ?"

"ನಿಮಗೆ ಬ್ಯಾಸ್ರ ಆಗಬಾರ್ದು ಅಂತ ನಾನು ಬಾಯಿ ಮುಚ್ಕಂಡು ಕೈ ಕಳ್ಕಂತಿದ್ದೆ" ಎಂದಳು ಚಿಕ್ಕಮ್ಮ. "ಆಕಿ ಯಾಕಪ್ಪ ಕಳ್ಕಬೇಕು?"

ಅಣ್ಣ ಬೆಂಚಿನ ಮೇಲೆ ಕೂತು, ತಳದಲ್ಲಿ ಹಿಟ್ಟು ಎಲ್ಲಿ ಕೂರುತ್ತದೆ ತೋರಿಸು ಎಂದ.

ಸಂಜೆ ಮನೆಗೆ ಬಂದು ನಾನು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಗಿರಾಕಿ ಬಂದದ್ದು, ಆರ್ಡರು ಕೊಟ್ಟದ್ದು, ಚಿಕ್ಕಮ್ಮ ಆಡಿದ ಮಾತು. ಅವ್ವ ಕಾಳು ಹಸನು ಮಾಡುತ್ತಾ ಕೇಳಿಸಿಕೊಂಡಳು. ಅವಳೂ ನನ್ನ ಹಾಗೆ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಮೊರ ಕೆಳಗಿಟ್ಟು ಅವಳು ಒಂದೇ ಮಾತು ಕೇಳಿದಳು.

"ಹಂಗಾದ್ರೆ ಆಕಿ ಬರಲ್ಲ ಅನ್ನು?"

"ಎಲ್ಲಿಗೆ?"

"ಇಲ್ಲಿಗೆ. ನಮ್ಮನಿಗೆ."

ಬರುವ ಅಗತ್ಯವೇ ಇಲ್ಲವಲ್ಲ ಎಂದೆ ನಾನು, ಖುಷಿಯಿಂದಲೇ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಳಿನ ಧೂಳು ಎಂದಳು. ಅಲ್ಲ ಎಂದು ನನಗೆ ಗೊತ್ತಾಯಿತು. ಅಷ್ಟು ದಿನ ಅವಳು ತಂಗಿಯನ್ನು ಕರೆಯುತ್ತಿದ್ದದ್ದು ಕರುಣೆಯಿಂದ ಎಂದು ನಾವೆಲ್ಲ ತಿಳಿದಿದ್ದೆವು, ಚಿಕ್ಕಮ್ಮನೂ ಹಾಗೇ ತಿಳಿದಿದ್ದಳು. ಬೆಳಿಗ್ಗೆ ನಾವಿಬ್ಬರೂ ಹರಿಹರದ ಬಸ್ಸು ಹತ್ತಿದ ಮೇಲೆ ಸಂಜೆಯ ತನಕ ಆ ಮನೆಯಲ್ಲಿ ಮಾತಾಡಲು ಒಂದು ಜೀವ ಇರಲಿಲ್ಲ. ನನ್ನ ಕಣ್ಣು ಚಿಕ್ಕಮ್ಮನ ಅಡಿಗೆಮನೆಯನ್ನು ತಿಂಗಳುಗಟ್ಟಲೆ ನೋಡಿತ್ತು; ಮನೆಯಲ್ಲಿ ಅವ್ವ ಒಬ್ಬಳೇ ಕೂತು ಉಣ್ಣುವುದನ್ನು ಒಂದು ಮಧ್ಯಾಹ್ನವೂ ನೋಡಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಕಾಳು ಆರಿಸಿದೆ.

ನಾಲ್ಕು ದಿನ ಬಿಟ್ಟು, ಉಕ್ಕಡಗಾತ್ರಿಯ ಮಿಷನ್ನಿಗೆ ಅಳತೆ ತೆಗೆಯಲೆಂದು ಮಧ್ಯಾಹ್ನ ಚಿಕ್ಕಮ್ಮನಲ್ಲಿಗೆ ಹೋದೆ. ಒಳಗಿಂದ ಇಬ್ಬರು ಹೆಂಗಸರು ಜಗಳವಾಡುವ ಸದ್ದು ಬರುತ್ತಿತ್ತು, ನಡುನಡುವೆ ನಗು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು, ಮಿಷನ್ನಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಹಿಡಿಕೆ ತಿರುವುತ್ತಿದ್ದಳು. ಚಿಕ್ಕಮ್ಮ ಎರಡು ಕೈಯಲ್ಲೂ ರೊಟ್ಟಿ ಬಡಿಯುತ್ತಾ, "ಮೆಲ್ಲಗೆ ತಿರುವು ಅಕ್ಕ, ಏನ್ ಬಸ್ ಹೋಗ್ತೈತಾ ನಿಂದು?" ಎಂದು ಗದರಿಸುತ್ತಿದ್ದಳು. ಬೆಳಿಗ್ಗೆ ನಾವು ಹೊರಟ ಮೇಲೆ ಅವ್ವ ಮನೆಗೆ ಬೀಗ ಹಾಕಿ, ಸಿಟಿ ಬಸ್ಸು ಹತ್ತಿ ಬಂದಿದ್ದಳಂತೆ. ಅವತ್ತೊಂದೇ ದಿನ ಅಲ್ಲ, ಮೂರು ದಿನದಿಂದ. ನಮಗೆ ಹೇಳಿಯೂ ಇರಲಿಲ್ಲ.

ನನ್ನನ್ನು ನೋಡಿ ಅವ್ವ ಹಿಡಿಕೆ ನಿಲ್ಲಿಸಿ, ಹೆಗಲು ಒತ್ತಿಕೊಂಡಳು.

"ಕುಂತು ತಿರುವೋರಿಗೆ ಇದು ಎತ್ತರ ಆಗ್ತೈತೆ" ಎಂದಳು. "ಇಳಸಾಕೆ ಹೇಳು ನಿಮ್ಮಣ್ಣಗೆ. ನಾನಿನ್ನು ದಿನಾ ಬರಾಕಿ."